ಒಂಟೆಗೆ ನಿಷೇಧ, ಎಣ್ಣೆಗಲ್ಲ

ಎಲ್ಲೋ ಯುದ್ಧ ಶುರುವಾದ ಕೂಡಲೇ ನಾವೆಲ್ಲ ಕೇಳೋ ಪ್ರಶ್ನೆ ಒಂದೇ: ವಿಶ್ವಸಂಸ್ಥೆ ಏನ್ ಮಾಡ್ತಿದೆ? ಈ ಸಿಟ್ಟಿಗೆ ವಿಶ್ವಸಂಸ್ಥೆಗಿಂತಲೂ ಹೆಚ್ಚು ವಯಸ್ಸಾಗಿದೆ.

ಅದಕ್ಕೂ ಮೊದಲು ಜಿನೀವಾದಲ್ಲಿ ರಾಷ್ಟ್ರಸಂಘ ಅಂತ ಒಂದಿತ್ತು. ಇಥಿಯೋಪಿಯಾ 1923ರಲ್ಲಿ ಅದರ ಸದಸ್ಯ ಆಯ್ತು. ಒಬ್ಬ ಸದಸ್ಯನ ಮೇಲೆ ನಿಯಮ ಮೀರಿ ಯುದ್ಧ ಹೂಡಿದರೆ ಅದು ಎಲ್ಲರ ಮೇಲೂ ಹೂಡಿದಂತೆ ಅನ್ನೋದು ಒಪ್ಪಂದ. ಬಡ ದೇಶಕ್ಕೆ ಇದಕ್ಕಿಂತ ದೊಡ್ಡ ಇನ್ಶೂರೆನ್ಸ್ ಬೇಕಾ?

1935ರ ಅಕ್ಟೋಬರ್ 3ರಂದು ಮುಸೊಲಿನಿಯ ಸೈನ್ಯ ಇಥಿಯೋಪಿಯಾಕ್ಕೆ ನುಗ್ಗಿತು. ಕೆಲವೇ ದಿನಗಳಲ್ಲಿ ರಾಷ್ಟ್ರಸಂಘ ಇಟಲಿಯದೇ ತಪ್ಪು ಅಂತ ಘೋಷಿಸಿತು. ನವೆಂಬರ್ 18ರಿಂದ ನಿರ್ಬಂಧಗಳೂ ಜಾರಿಯಾದವು. ಇಲ್ಲಿವರೆಗೆ ಎಲ್ಲಾ ಸರಿ.

ಈಗ ಪಟ್ಟಿ ನೋಡಿ. ಇಟಲಿಗೆ ಶಸ್ತ್ರ, ಸಾಲ, ರಬ್ಬರ್ ಕೊಡಬಾರದು. ಕುದುರೆ, ಕತ್ತೆ, ಒಂಟೆ ಕೂಡ ಕೊಡಬಾರದು! ಆದರೆ ಟ್ರಕ್ಕು, ಟ್ಯಾಂಕು, ವಿಮಾನ ಓಡಿಸೋ ಎಣ್ಣೆ? ಅದು ಪಟ್ಟಿಯಲ್ಲೇ ಇಲ್ಲ. ಅಮೆರಿಕ ಸದಸ್ಯನಲ್ಲ, ನಾವು ನಿಲ್ಲಿಸಿದರೂ ಅದು ಮಾರುತ್ತೆ ಅನ್ನೋದು ನೆಪ. ಸೂಯೆಜ್ ಕಾಲುವೆಯನ್ನೂ ಮುಚ್ಚಲಿಲ್ಲ. ಇಟಲಿಯ ಸೈನಿಕರು ಅದೇ ದಾರಿಯಲ್ಲಿ ಸಾಗಿದರು. ಬ್ರಿಟನ್, ಫ್ರಾನ್ಸ್‌ಗಳ ನಿಜವಾದ ಭಯ ಬೇರೆ ಇತ್ತು: ಮುಸೊಲಿನಿ ಮುನಿಸಿಕೊಂಡು ಹಿಟ್ಲರನ ಪಕ್ಕ ಹೋಗಿಬಿಟ್ಟರೆ? ಕೊನೆಗೆ ಅವನು ಹೋದದ್ದೂ ಅಲ್ಲಿಗೇ.

ಇಟಲಿ ತಾನೇ ಸಹಿ ಹಾಕಿದ್ದ 1925ರ ಒಪ್ಪಂದವನ್ನು ಮುರಿದು ವಿಷಾನಿಲ ಸುರಿಯಿತು. 1936ರ ಮೇ 5ಕ್ಕೆ ಅಡಿಸ್ ಅಬಾಬಾ ಬಿತ್ತು. ಜೂನ್ 30ರಂದು ದೇಶ ಕಳೆದುಕೊಂಡ ಚಕ್ರವರ್ತಿ ಹೈಲೆ ಸೆಲಾಸಿ ಜಿನೀವಾಕ್ಕೆ ಬಂದು, ತನ್ನ ಅಮ್ಹಾರಿಕ್ ಭಾಷೆಯಲ್ಲೇ ನ್ಯಾಯ ಕೇಳಿದ. ಗ್ಯಾಲರಿಯಲ್ಲಿ ಕೂತಿದ್ದ ಇಟಲಿಯ ಪತ್ರಕರ್ತರು ಸಿಳ್ಳೆ ಹಾಕಿದರು. ಸಭೆ ಕೇಳಿಸಿಕೊಂಡಿತು. ಜುಲೈ 15ಕ್ಕೆ ಇದ್ದ ನಿರ್ಬಂಧಗಳನ್ನೂ ತೆಗೆದುಹಾಕಿತು.

ಇಟಲಿಯನ್ನು ಹೊರಹಾಕಿದ್ದು ನಿರ್ಣಯಗಳಲ್ಲ. 1941ರಲ್ಲಿ ಇಥಿಯೋಪಿಯಾದ ಗೆರಿಲ್ಲಾಗಳು ಮತ್ತು ಬ್ರಿಟಿಷ್ ಪಡೆಗಳು ಆ ಕೆಲಸ ಮಾಡಿದವು. ಆ ಪಡೆಗಳಲ್ಲಿ ನಮ್ಮ ಭಾರತದ ಸೈನಿಕರೂ ಇದ್ದರು.

ಹಾಗಾದ್ರೆ ಇಂಥ ಸಂಸ್ಥೆಗಳೇ ದಂಡವಾ? ಇಥಿಯೋಪಿಯಾ ಹಾಗಂದುಕೊಳ್ಳಲಿಲ್ಲ. 1945ರಲ್ಲಿ ವಿಶ್ವಸಂಸ್ಥೆಯ ಸ್ಥಾಪಕ ಸದಸ್ಯರಲ್ಲಿ ಅದೂ ಒಂದು. ಸಣ್ಣ ದೇಶಕ್ಕೆ ದೂರು ಹೇಳೋಕಾದರೂ ಒಂದು ಕಟ್ಟೆ ಬೇಕಲ್ಲ.

ಮುಂದಿನ ಸಲ ಯಾವುದೋ ದೇಶದ ಮೇಲೆ ನಿರ್ಬಂಧ ಅಂತ ಸುದ್ದಿ ಬಂದಾಗ ಪಟ್ಟಿಯಲ್ಲಿ ಏನಿದೆ ಅಂತ ಮಾತ್ರ ನೋಡಬೇಡಿ. ಏನನ್ನು ಬಿಟ್ಟಿದ್ದಾರೆ, ಅದನ್ನೂ ಹುಡುಕಿ.