ನುಡಿದ ವಾದ, ಬರೆದ ವಾದ: ಮಿಲೊ ಕೊಲೆ ಮೊಕದ್ದಮೆಯ ಆಕರಗಳನ್ನು ಕುರಿತು

ಕ್ರಿ.ಪೂ. ೫೨ರ ಏಪ್ರಿಲ್ ತಿಂಗಳ ಆರಂಭದಲ್ಲಿ ರೋಮ್ ನಗರದ ಫೋರಂ ಎಂಬ ಸಾರ್ವಜನಿಕ ಚೌಕದಲ್ಲಿ ಒಂದು ಕೊಲೆ ಮೊಕದ್ದಮೆಯ ವಿಚಾರಣೆ ನಡೆಯಿತು. ಆಪಾದಿತನಾದ ಟೈಟಸ್ ಆನಿಯಸ್ ಮಿಲೊ ಗಣರಾಜ್ಯದ ಅತ್ಯುನ್ನತ ಅಧಿಕಾರಸ್ಥಾನವಾದ ಕಾನ್ಸಲ್ ಪದವಿಗೆ ಸ್ಪರ್ಧಿಸಿದ್ದ ರಾಜಕಾರಣಿ. ಕೊಲೆಯಾದ ಪಬ್ಲಿಯಸ್ ಕ್ಲೋಡಿಯಸ್ ಪ್ರೀಟರ್ ಎಂಬ ಅದರ ಕೆಳಗಿನ ಪದವಿಯ ಅಭ್ಯರ್ಥಿ. ಮಿಲೊನ ಪರವಾಗಿ ವಾದಿಸಿದವನು ಆ ಕಾಲದ ಶ್ರೇಷ್ಠ ವಾಗ್ಮಿಯೆನಿಸಿದ್ದ ಸಿಸೆರೊ. ‘ಪ್ರೊ ಮಿಲೊನೆ’ ಎಂಬ ಹೆಸರಿನ ಅವನ ಭಾಷಣವು ಪಾಶ್ಚಾತ್ಯ ಜಗತ್ತಿನಲ್ಲಿ ವಕೀಲಿ ವಾಕ್ಪಟುತ್ವದ ಮಾದರಿಯಾಗಿ ಶತಮಾನಗಳುದ್ದಕ್ಕೂ ಪಾಠವಾಗಿದೆ. ಆದರೆ ಇಂದು ನಾವು ಓದುವ ಆ ಭಾಷಣವು ನ್ಯಾಯಾಲಯದಲ್ಲಿ ನುಡಿದದ್ದಲ್ಲ. ಮೊಕದ್ದಮೆ ಸೋತ ಮೇಲೆ ಕುಳಿತು ಬರೆದದ್ದು. ನುಡಿದದ್ದು ಬೇರೆ ಇತ್ತು; ಅದು ಕಳೆದುಹೋಗಿದೆ. ಮೌಖಿಕ ಪರಂಪರೆಯ ಅಧ್ಯಯನಕಾರರಿಗೆ ಈ ಒಂದು ಸಂಗತಿಯೇ ಸಾಕಷ್ಟು ಯೋಚನೆಗೆ ಹಚ್ಚುವಂಥದು. ಹೇಳಿದ್ದು ಮತ್ತು ಬರೆದದ್ದು ಬೇರೆಬೇರೆಯಾದಾಗ ಚರಿತ್ರೆಯು ಯಾವುದನ್ನು ಉಳಿಸಿಕೊಂಡಿತು, ಏಕೆ ಉಳಿಸಿಕೊಂಡಿತು ಎಂಬುದನ್ನು ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ.

ಈ ಪ್ರಕರಣದ ಅತ್ಯಂತ ವಿಶ್ವಾಸಾರ್ಹ ಆಕರ ಸಿಸೆರೊ ಅಲ್ಲ, ಆಸ್ಕೋನಿಯಸ್ ಎಂಬ ವ್ಯಾಖ್ಯಾನಕಾರ. ಘಟನೆ ನಡೆದ ಸುಮಾರು ನೂರು ವರ್ಷಗಳ ತರುವಾಯ ತನ್ನ ಮಕ್ಕಳ ಓದಿಗೆಂದು ಅವನು ಸಿಸೆರೊನ ಭಾಷಣಗಳಿಗೆ ಟಿಪ್ಪಣಿ ಬರೆದನು. ಹಳೆಯ ದಿನವರದಿಗಳನ್ನು ಹುಡುಕಿ ತೆಗೆದು, ದಿನಾಂಕಗಳನ್ನು ಹೊಂದಿಸಿ, ತಾನು ಪ್ರೀತಿಸುವ ಲೇಖಕನ ಮಾತಿಗೂ ದಾಖಲೆಗೂ ತಾಳೆಯಾಗದಿದ್ದಲ್ಲಿ ದಾಖಲೆಯ ಕಡೆಗೇ ನಿಂತ ಅಪರೂಪದ ವಿದ್ವಾಂಸನೀತ. ಮುಂದಿನ ವಿವರಗಳಿಗೆ ಮುಖ್ಯವಾಗಿ ಅವನನ್ನೇ ಅವಲಂಬಿಸಲಾಗಿದೆ.

ಕ್ಲೋಡಿಯಸ್ ಉನ್ನತ ಕುಲದಲ್ಲಿ ಹುಟ್ಟಿ ಸಾಮಾನ್ಯರ ವರ್ಗಕ್ಕೆ ತಾನಾಗಿ ಸೇರಿಕೊಂಡವನು. ಕ್ರಿ.ಪೂ. ೫೮ರಲ್ಲಿ ಟ್ರಿಬ್ಯೂನನಾಗಿ ನಗರದ ನಿವಾಸಿಗಳಿಗೆ ಉಚಿತ ಧಾನ್ಯ ಹಂಚುವ ಕಾಯಿದೆ ತಂದನು. ನಿಷೇಧಕ್ಕೊಳಗಾಗಿದ್ದ ಕಸುಬುದಾರರ ಹಾಗೂ ಕೇರಿಗಳ ಸಂಘಗಳಿಗೆ ಮತ್ತೆ ಮಾನ್ಯತೆ ಕೊಡಿಸಿದನು. ಅದೇ ವರ್ಷ ಸಿಸೆರೊವನ್ನು ದೇಶಭ್ರಷ್ಟನನ್ನಾಗಿಸಿ ಅವನ ಮನೆಯನ್ನು ಕೆಡವಿಸಿದವನೂ ಅವನೇ. ಮರುವರ್ಷ ಸಿಸೆರೊವನ್ನು ಮರಳಿ ಕರೆತರಲು ಶ್ರಮಿಸಿದವನು ಮಿಲೊ. ಇಬ್ಬರ ಬಳಿಯೂ ಬಾಡಿಗೆಯ ಕಾಳಗದಾಳುಗಳಿದ್ದರು; ಇಬ್ಬರೂ ಬೀದಿಯಲ್ಲಿ ಬಡಿದಾಡಿದವರೇ. ಇವರ ಗಲಭೆಗಳಿಂದಾಗಿ ಚುನಾವಣೆಯೇ ನಡೆಯದೆ, ಕ್ರಿ.ಪೂ. ೫೨ನೆಯ ವರ್ಷವು ಕಾನ್ಸಲರಿಲ್ಲದೆ ಆರಂಭವಾಯಿತು. ವಕೀಲನಿಗೂ ಕಕ್ಷಿದಾರನಿಗೂ ಹತನಾದವನಿಗೂ ಇದ್ದ ಈ ಹಳೆಯ ಲೆಕ್ಕಾಚಾರವನ್ನು ಮರೆತು ‘ಪ್ರೊ ಮಿಲೊನೆ’ಯನ್ನು ಓದುವಂತಿಲ್ಲ.

ಜನವರಿ ೧೮ರಂದು ಮಿಲೊ ತನ್ನೂರಾದ ಲನುವಿಯಮ್ಮಿನಲ್ಲಿ ಒಬ್ಬ ಅರ್ಚಕನ ನೇಮಕ ಮಾಡಬೇಕಾಗಿದ್ದುದರಿಂದ ಅಪಿಯನ್ ಹೆದ್ದಾರಿಯಲ್ಲಿ ಹೊರಟಿದ್ದನು. ಗಾಡಿಯಲ್ಲಿ ಅವನ ಹೆಂಡತಿ ಫೌಸ್ಟಾ ಇದ್ದಳು; ಹಿಂದೆ ಗುಲಾಮರ ದೊಡ್ಡ ಸಾಲು. ಎದುರಿನಿಂದ ಕ್ಲೋಡಿಯಸ್ ಕುದುರೆಯೇರಿ ಬರುತ್ತಿದ್ದನು. ಅವನೊಡನೆ ಕತ್ತಿ ಧರಿಸಿದ ಸುಮಾರು ಮೂವತ್ತು ಗುಲಾಮರಿದ್ದರು. ಬೊವಿಲೆ ಎಂಬ ಊರಿನ ಬಳಿ ಎರಡೂ ಗುಂಪುಗಳು ಒಂದನ್ನೊಂದು ದಾಟಿದವು. ಮಿಲೊನ ಸಾಲಿನ ಕೊನೆಯಲ್ಲಿ ನಿಧಾನವಾಗಿ ಬರುತ್ತಿದ್ದ ಯೂಡಾಮಸ್, ಬಿರಿಯಾ ಎಂಬ ಇಬ್ಬರು ಗ್ಲಾಡಿಯೇಟರುಗಳು ಕ್ಲೋಡಿಯಸನ ಆಳುಗಳೊಡನೆ ಜಗಳಕ್ಕಿಳಿದರು. ಕ್ಲೋಡಿಯಸ್ ತಿರುಗಿ ದುರುಗುಟ್ಟಿ ನೋಡಿದಾಗ ಬಿರಿಯಾ ಅವನ ಭುಜಕ್ಕೆ ಈಟಿಯಿಂದ ತಿವಿದನು. ಗಾಯಗೊಂಡವನನ್ನು ಸಮೀಪದ ಪಾನಗೃಹಕ್ಕೆ ಹೊತ್ತೊಯ್ದರು. ಇಲ್ಲಿಯವರೆಗೆ ಇದು ಹಾದಿಜಗಳ. ಕೊಲೆಯಾದದ್ದು ಆಮೇಲೆ. ಬದುಕುಳಿದರೆ ಇವನು ಇನ್ನಷ್ಟು ಅಪಾಯಕಾರಿಯಾದಾನು, ಸತ್ತರೆ ಶಿಕ್ಷೆಯಾದರೂ ಸಮಾಧಾನವುಂಟು ಎಂದೆಣಿಸಿ ಮಿಲೊ ಅವನನ್ನು ಹೊರಗೆಳೆಯಲು ಆಜ್ಞೆಯಿತ್ತನೆಂದು ಆಸ್ಕೋನಿಯಸ್ ಬರೆಯುತ್ತಾನೆ. ಆ ಕೆಲಸಕ್ಕೆ ಮುಂದಾಳಾಗಿದ್ದವನು ಮಾರ್ಕಸ್ ಸೌಫೆಯಸ್. ಹೆಣ ಹೆದ್ದಾರಿಯಲ್ಲಿ ಬಿದ್ದಿತ್ತು. ಆ ದಾರಿಯಾಗಿ ಬಂದ ಸೆಕ್ಸ್ಟಸ್ ಟೀಡಿಯಸ್ ಎಂಬ ಸೆನೆಟ್ ಸದಸ್ಯನು ಅದನ್ನು ತನ್ನ ಪಲ್ಲಕ್ಕಿಯಲ್ಲಿರಿಸಿ ರೋಮಿಗೆ ಕಳುಹಿಸಿ, ತಾನು ಬಂದ ದಾರಿಯಲ್ಲೇ ಹಿಂದಿರುಗಿದನು.

ರೋಮಿನಲ್ಲಿ ಆ ರಾತ್ರಿ ನಡೆದುದು ಶೋಕಾಚರಣೆಯ ಅಧ್ಯಯನ ಮಾಡುವವರು ಗಮನಿಸಬೇಕಾದ ಸಂಗತಿ. ಮನೆಯಂಗಳದಲ್ಲಿ ಹೆಣವನ್ನಿರಿಸಿ, ಹೆಂಡತಿ ಫುಲ್ವಿಯಾ ನೆರೆದ ಬಡವರಿಗೂ ಗುಲಾಮರಿಗೂ ಗಾಯಗಳನ್ನು ತೋರಿಸುತ್ತ ರೋದಿಸಿದಳು. ಮರುದಿನ ಜನರು ಹೆಣವನ್ನು, ಗಾಯಗಳು ಕಾಣುವಂತೆಯೇ, ಫೋರಮ್ಮಿಗೆ ತಂದರು. ಬಳಿಕ ಸೆನೆಟ್ಟಿನ ಸಭಾಭವನದೊಳಕ್ಕೆ ಒಯ್ದು ಅಲ್ಲಿಯ ಬೆಂಚು, ಮೇಜು, ಕಡತಗಳನ್ನೇ ಕಟ್ಟಿಗೆಯಾಗಿಸಿ ಸುಟ್ಟರು. ಭವನವೂ ಉರಿದುಹೋಯಿತು. ಇದನ್ನು ಪುಂಡರ ದಾಂಧಲೆಯೆಂದು ಮಾತ್ರ ಬಣ್ಣಿಸುವುದು ಲಿಖಿತ ಆಕರಗಳ ರೂಢಿ. ಆ ಆಕರಗಳೆಲ್ಲ ಸುಟ್ಟುಹೋದ ಭವನದ ಕಡೆಯವರವು ಎಂಬುದನ್ನು ನೆನಪಿಡಬೇಕು. ಧಾನ್ಯ ಕೊಟ್ಟವನ ಚಿತೆಗೆ ಅಧಿಕಾರದ ಪೀಠಗಳನ್ನೇ ಸೌದೆ ಮಾಡಿದ ಕ್ರಿಯೆಯಲ್ಲಿ ಒಂದು ಅರ್ಥವಿದೆ. ಅದನ್ನು ಮಾಡಿದವರು ಮಾತ್ರ ಏನನ್ನೂ ಬರೆದಿಡಲಿಲ್ಲ.

ಅರಾಜಕತೆಯನ್ನು ಹತ್ತಿಕ್ಕಲು ಪಾಂಪೆಯನ್ನು ಏಕೈಕ ಕಾನ್ಸಲನನ್ನಾಗಿ ನೇಮಿಸಲಾಯಿತು. ಅವನು ಹಿಂಸಾಚಾರದ ವಿಚಾರಣೆಗೆಂದೇ ಹೊಸ ಕಾಯಿದೆ ತಂದನು. ಮೊದಲು ಮೂರು ದಿನ ಸಾಕ್ಷಿಗಳ ಹೇಳಿಕೆ. ಅನಂತರ ಒಂದೇ ದಿನ ಫಿರ್ಯಾದಿ ಪಕ್ಷಕ್ಕೆ ಎರಡು ಗಂಟೆ, ಪ್ರತಿವಾದಕ್ಕೆ ಮೂರು ಗಂಟೆ. ವಾಗ್ಮಿತೆಯಿಂದ ಸಾಕ್ಷ್ಯವನ್ನು ಮುಚ್ಚಿಹಾಕುವ ರೂಢಿಗೆ ಇದು ಕಡಿವಾಣವಾಗಿತ್ತು. ಕಾಯಿದೆ ಕೆಟ್ಟದ್ದೆಂದು ನನಗನಿಸುವುದಿಲ್ಲ. ಕೆಟ್ಟದ್ದಾಗಿದ್ದುದು ಅದು ಜಾರಿಯಾದ ವಾತಾವರಣ. ಮೊದಲ ದಿನವೇ ಮಿಲೊನ ಪರವಾಗಿ ಪಾಟೀಸವಾಲು ಆರಂಭಿಸಿದ ಮಾರ್ಸೆಲಸ್, ಕ್ಲೋಡಿಯಸನ ಬೆಂಬಲಿಗರ ಗದ್ದಲಕ್ಕೆ ಅಂಜಿ ನ್ಯಾಯಾಧಿಪತಿಯ ಪೀಠವನ್ನೇ ಆಶ್ರಯಿಸಬೇಕಾಯಿತು. ಆಮೇಲೆ ಪಾಂಪೆ ಸೈನಿಕರ ಕಾವಲು ಒದಗಿಸಿದನು. ಬೊವಿಲೆಯ ನಿವಾಸಿಗಳು ಬಂದು, ಪಾನಗೃಹದ ಒಡೆಯನನ್ನು ಕೊಂದುದನ್ನೂ ಕ್ಲೋಡಿಯಸನನ್ನು ಹೊರಗೆಳೆದುದನ್ನೂ ಹೇಳಿದರು. ಕಡೆಯ ಸಾಕ್ಷಿಗಳಾಗಿ ಫುಲ್ವಿಯಾ ಮತ್ತು ಅವಳ ತಾಯಿ ಸೆಂಪ್ರೋನಿಯಾ ಅತ್ತು ನುಡಿದು ನೆರೆದವರ ಮನ ಕಲಕಿದರು. ಆ ಪಾನಗೃಹದ ಒಡೆಯನ ಸಾವಿಗೆ ಪ್ರತ್ಯೇಕ ಮೊಕದ್ದಮೆ ಯಾರೂ ಹೂಡಿದಂತಿಲ್ಲ.

ಘಟನೆಯನ್ನು ಕಣ್ಣಾರೆ ಕಂಡ ಮಿಲೊನ ಗುಲಾಮರು ಸಾಕ್ಷಿ ನುಡಿಯಲೇ ಇಲ್ಲ. ರೋಮನ್ ಪದ್ಧತಿಯಲ್ಲಿ ಗುಲಾಮನ ಹೇಳಿಕೆಗೆ ಬೆಲೆ ಬರುತ್ತಿದ್ದುದು ಚಿತ್ರಹಿಂಸೆ ಕೊಟ್ಟು ಪಡೆದಾಗ ಮಾತ್ರ. ಮಿಲೊ ಅವರನ್ನು ಮೊದಲೇ ದಾಸ್ಯದಿಂದ ಬಿಡುಗಡೆ ಮಾಡಿದ್ದನು, ಸ್ವತಂತ್ರರನ್ನು ಹಿಂಸಿಸುವಂತಿರಲಿಲ್ಲ. ಪ್ರಾಣ ಉಳಿಸಿದವರಿಗೆ ಕೊಟ್ಟ ಉಡುಗೊರೆಯಿದು ಎಂದು ಸಿಸೆರೊ ಸಮರ್ಥಿಸುತ್ತಾನೆ. ಸ್ವಾತಂತ್ರ್ಯವು ಬಾಯಿಮುಚ್ಚಿಸುವ ಉಪಾಯವಾಗಿಯೂ ಬಳಕೆಯಾಯಿತೆಂಬುದು ಈ ಮೊಕದ್ದಮೆಯ ಕಹಿಯಾದ ವಿವರ.

ಕೊನೆಯ ದಿನ ನಗರದ ಅಂಗಡಿಗಳೆಲ್ಲ ಮುಚ್ಚಿದ್ದವು. ಫೋರಮ್ಮಿನ ಸುತ್ತ ಸೈನಿಕರು ನಿಂತಿದ್ದರು. ಪಾಂಪೆ ಖಜಾನೆಯ ಮುಂದೆ ಕಾವಲಿನ ನಡುವೆ ಕುಳಿತಿದ್ದನು. ಪ್ರತಿವಾದಕ್ಕೆ ಎದ್ದವನು ಸಿಸೆರೊ ಒಬ್ಬನೇ. ಕ್ಲೋಡಿಯಸನ ಸಾವು ದೇಶಕ್ಕೆ ಒಳಿತೇ ಆಯಿತೆಂದು ಹೆಮ್ಮೆಯಿಂದ ವಾದಿಸುವುದು ಲೇಸೆಂದು ಬ್ರೂಟಸ್ ಭಾವಿಸಿದ್ದನು. ಆ ಧಾಟಿಯಲ್ಲಿ ಒಂದು ಭಾಷಣವನ್ನೂ ರಚಿಸಿದ್ದನು. ಸಿಸೆರೊ ಅದನ್ನು ಒಪ್ಪದೆ, ಹೊಂಚುಹಾಕಿದವನು ಕ್ಲೋಡಿಯಸನೇ, ಮಿಲೊ ಮಾಡಿದ್ದು ಆತ್ಮರಕ್ಷಣೆ ಎಂಬ ದಾರಿ ಹಿಡಿದನು. ಮಾತು ತೆಗೆದೊಡನೆ ಬೊಬ್ಬೆ ಎದ್ದಿತು. ಎಂದಿನ ದೃಢತೆ ಅವನಲ್ಲಿರಲಿಲ್ಲ ಎಂದಷ್ಟೇ ಆಸ್ಕೋನಿಯಸ್ ಹೇಳುತ್ತಾನೆ. ಇದೇ ಸಂಗತಿ ಮುಂದೆ ಪ್ಲುಟಾರ್ಕನಲ್ಲಿ ಮೈನಡುಕವಾಗಿ, ಡಿಯೊನಲ್ಲಿ ಬಾಯಿಯಿಂದ ಮಾತೇ ಹೊರಡದ ಸ್ಥಿತಿಯಾಗಿ ಬೆಳೆಯುತ್ತದೆ. ಕಾಲ ದೂರವಾದಂತೆ ಪ್ರಸಂಗ ಹಿಗ್ಗುವ ಈ ಕ್ರಮ ಐತಿಹ್ಯಗಳ ಸಂಗ್ರಾಹಕರಿಗೆ ಪರಿಚಿತವೇ.

ಎಂಬತ್ತೊಂದು ನ್ಯಾಯದರ್ಶಿಗಳಲ್ಲಿ ಎರಡೂ ಪಕ್ಷಗಳು ತಿರಸ್ಕರಿಸಿದವರನ್ನು ಕಳೆದು ಐವತ್ತೊಂದು ಮಂದಿ ಮತ ಹಾಕಿದರು. ೩೮ ಮತಗಳು ಶಿಕ್ಷೆಗೆ, ೧೩ ಬಿಡುಗಡೆಗೆ. ಮಿಲೊ ಕೆಲವೇ ದಿನಗಳಲ್ಲಿ ಮಸಿಲಿಯಾಕ್ಕೆ (ಇಂದಿನ ಮಾರ್ಸೆಲ್ಸ್) ಹೊರಟುಹೋದನು, ಕ್ರಿ.ಪೂ. ೪೮ರಲ್ಲಿ ದಂಗೆಯೊಂದಕ್ಕಾಗಿ ಇಟಲಿಗೆ ಮರಳಿ ಅಲ್ಲಿಯೇ ಹತನಾದನು. ಪಾನಗೃಹಕ್ಕೆ ನುಗ್ಗಿದವರ ಮುಂದಾಳಾಗಿದ್ದ ಸೌಫೆಯಸನ ವಿಚಾರಣೆಯೂ ಬೇರೆಯಾಗಿ ನಡೆಯಿತು. ಅವನ ಪರವಾಗಿಯೂ ಸಿಸೆರೊ ವಾದಿಸಿದನು. ಒಂದೇ ಒಂದು ಮತದ ಅಂತರದಲ್ಲಿ ಅವನು ಬಿಡುಗಡೆಯಾದನು.

ತರುವಾಯ ಸಿಸೆರೊ ತನ್ನ ವಾದವನ್ನು ಹೊಸದಾಗಿ ಬರೆದನು. ಬರೆದ ಪಠ್ಯದಲ್ಲಿ ಬೊಬ್ಬೆಯಿಲ್ಲ, ತಡವರಿಕೆಯಿಲ್ಲ. ಸೈನಿಕರು ಭಯ ಹುಟ್ಟಿಸುವವರಾಗಿ ಅಲ್ಲ, ಧೈರ್ಯ ಕೊಡುವವರಾಗಿ ಕಾಣಿಸಿಕೊಳ್ಳುತ್ತಾರೆ. ಆತ್ಮರಕ್ಷಣೆಯ ವಾದದ ಜೊತೆಗೆ, ಹಿಂದೆ ಒಪ್ಪದಿದ್ದ ದೇಶಹಿತದ ವಾದವೂ ಎರಡನೆಯ ಭಾಗವಾಗಿ ಸೇರಿಕೊಂಡಿದೆ. ಇದನ್ನು ಮಿಲೊಗೆ ಕಳುಹಿಸಿದಾಗ, ಇದನ್ನೇ ಅಂದು ನುಡಿದಿದ್ದರೆ ತನಗೆ ಮಸಿಲಿಯಾದ ಸೊಗಸಾದ ಮೀನಿನ ಊಟ ತಪ್ಪುತ್ತಿತ್ತಲ್ಲ ಎಂದು ಅವನು ಉತ್ತರಿಸಿದನೆಂದು ಡಿಯೊ ಹೇಳುತ್ತಾನೆ. ಮಾತು ನಿಜವೋ ಕಟ್ಟಿದ್ದೋ, ಎರಡು ಭಾಷಣಗಳು ಬೇರೆಯೆಂಬ ಲೋಕದ ತಿಳಿವಳಿಕೆಯನ್ನು ಅದು ಜೋಪಾನವಾಗಿ ಉಳಿಸಿಕೊಂಡಿದೆ. ದೊಡ್ಡವರ ಸೋಲನ್ನು ನಗೆಮಾತಿನಲ್ಲಿ ಕಾಪಿಡುವುದು ಐತಿಹ್ಯದ ಕೆಲಸವೇ ತಾನೆ.

ಇಷ್ಟಕ್ಕೂ ಆಸ್ಕೋನಿಯಸನ ತೀರ್ಮಾನ ಇಬ್ಬರು ವಕೀಲರನ್ನೂ ಸುಳ್ಳಾಗಿಸುತ್ತದೆ. ಮಿಲೊ ಹೊಂಚು ಹಾಕಿದನೆಂಬ ಆಪಾದನೆಯೂ ಕ್ಲೋಡಿಯಸ್ ಹೊಂಚು ಹಾಕಿದನೆಂಬ ಪ್ರತಿವಾದವೂ ಸರಿಯಲ್ಲ. ಅವರು ಎದುರಾದದ್ದು ಆಕಸ್ಮಿಕ. ಭಾಷಣದಲ್ಲಿ ಭೇಟಿಯ ಹೊತ್ತನ್ನು ಸಂಜೆಗೆ ತಳ್ಳಿದ್ದನ್ನೂ ಅವನ ಲೆಕ್ಕ ಒಪ್ಪುವುದಿಲ್ಲ. ಅವನ ಪ್ರಕಾರ ಅದು ಇನ್ನೂ ಎರಡು ತಾಸು ಮೊದಲು. ೧೯೯೬ರಲ್ಲಿ ಸ್ಟೀವನ್ ಸೇಲರ್ ಇದೇ ಕೊಲೆಯನ್ನು ಪತ್ತೇದಾರಿ ಕಾದಂಬರಿಯಾಗಿಸಿದಾಗ ಆಧುನಿಕ ಓದುಗರಿಗೆ ರುಚಿಸಿದ್ದೂ ಬಹುಮಟ್ಟಿಗೆ ಈ ಬಿರುಕುಗಳೇ ಇರಬೇಕು.

ನಮ್ಮ ಕರಾವಳಿಯ ತಾಳಮದ್ದಳೆಯನ್ನು ಬಲ್ಲವರಿಗೆ ಈ ಸಮಸ್ಯೆ ಹೊಸದಲ್ಲ. ‘ವಾಲಿವಧೆ’ಯಲ್ಲಿ ಸಾಯುತ್ತಿರುವ ವಾಲಿಯು ರಾಮನನ್ನು ಪ್ರಶ್ನಿಸುವ ಸಂದರ್ಭವೂ ಕೊಲೆಯೊಂದರ ವಿಚಾರಣೆಯೇ. ಅಚ್ಚಾದ ಪ್ರಸಂಗ ಪುಸ್ತಕದಲ್ಲಿ ಪದ್ಯಗಳಷ್ಟೇ ಸಿಗುತ್ತವೆ. ಎದುರಾಳಿಯ ಮಾತಿಗೆ ಒದಗಿಬಂದ ಉತ್ತರ, ಸಭೆಯ ಪ್ರತಿಕ್ರಿಯೆ, ಸಿಕ್ಕಿಬಿದ್ದ ಅರ್ಥಧಾರಿಯ ಕ್ಷಣಕಾಲದ ಮೌನ ಅಲ್ಲಿರುವುದಿಲ್ಲ. ಆ ಮೌನವನ್ನೂ ಪಠ್ಯದ ಭಾಗವೆಂದು ದಾಖಲಿಸಲು ನಮ್ಮ ಕ್ಷೇತ್ರಕಾರ್ಯ ಕಲಿತದ್ದು ಧ್ವನಿಮುದ್ರಣ ಬಂದ ಮೇಲೆ.

ರೋಮಿನಲ್ಲಿ ಅಂಥ ದಾಖಲೆಯೂ ಇತ್ತು. ಫೋರಮ್ಮಿನಲ್ಲಿ ಸಿಸೆರೊ ಆಡಿದ ಮಾತುಗಳನ್ನು ಕೇಳಿದಂತೆಯೇ ಬರೆದುಕೊಂಡಿದ್ದ ಪ್ರತಿ ತನ್ನ ಕಾಲದಲ್ಲಿಯೂ ಉಳಿದಿತ್ತೆಂದು ಆಸ್ಕೋನಿಯಸ್ ತಿಳಿಸುತ್ತಾನೆ. ದಾಖಲೆಗಳ ವಿಷಯದಲ್ಲಿ ಅಷ್ಟೊಂದು ಎಚ್ಚರವಿದ್ದ ಆ ವಿದ್ವಾಂಸನು ಪಂಕ್ತಿ ಹಿಡಿದು ವ್ಯಾಖ್ಯಾನ ಬರೆದದ್ದು ಮಾತ್ರ ಪರಿಷ್ಕೃತ ಪಠ್ಯಕ್ಕೆ. ನುಡಿದ ವಾದದ ಪ್ರತಿಗೆ ಅವನು ಕೊಟ್ಟದ್ದು ಒಂದು ವಾಕ್ಯದ ಉಲ್ಲೇಖ.