ಕಂಟಿನ್ಯೂಟಿ ಎಂದರೇನು? ಹತ್ತಿ ಹೊಲದ ಲೆಕ್ಕದಲ್ಲಿ ಹೇಳ್ತೀನಿ

ಸಿನಿಮಾ, ಸೀರಿಯಲ್‌ಗಳನ್ನು ಕತೆಯ ಕ್ರಮದಲ್ಲಿ ಚಿತ್ರಿಸುವುದಿಲ್ಲ. ಮನೆಯೊಳಗಿನ ದೃಶ್ಯಗಳನ್ನೆಲ್ಲ ಒಟ್ಟಿಗೆ ಮುಗಿಸುತ್ತಾರೆ. ಹೊರಗಿನ ಹೊಲ ಇನ್ಯಾವತ್ತೋ, ಬೇರೆ ಊರಲ್ಲಿ. ತೆರೆಯ ಮೇಲೆ ಮಾತ್ರ ಪಾತ್ರ ಹೊಸ್ತಿಲು ದಾಟಿದ ಕೂಡಲೇ ಹೊಲದಲ್ಲಿರಬೇಕು. ಅದೇ ಅಂಗಿ, ಅದೇ ಬೆವರು, ಅದೇ ಕೈಯಲ್ಲಿ ಬುತ್ತಿ ಗಂಟು. ಈ ಹೊಂದಿಕೆಯೇ ಕಂಟಿನ್ಯೂಟಿ.

ಹಾಲಿವುಡ್‌ನಲ್ಲಿ ಇದಕ್ಕೆ ಸ್ಕ್ರಿಪ್ಟ್ ಸೂಪರ್‌ವೈಸರ್ ಇರುತ್ತಾರೆ. ಹಿಂದೆ ಹೆಂಗಸರೇ ಮಾಡುತ್ತಿದ್ದ ಕೆಲಸವಾದ್ದರಿಂದ 'ಸ್ಕ್ರಿಪ್ಟ್ ಗರ್ಲ್' ಅಂತಿದ್ದರು. ನಮ್ಮಲ್ಲಿ ಬಹುತೇಕ ಸಹಾಯಕ ನಿರ್ದೇಶಕರ ತಲೆಗೆ ಬೀಳುತ್ತದೆ. ಯಾಪಲದಿನ್ನಿಯಿಂದ ಹೋದ ನನಗೂ ಮೊದಲು ಸಿಕ್ಕಿದ್ದು ಇದೇ.

ಮೊಬೈಲಲ್ಲಿ ಫೋಟೋ ಹೊಡೆದರೆ ಸಾಕು ಅನ್ನಿಸ್ತದ. ಸಾಲಲ್ಲ. ಲೋಟದಲ್ಲಿ ಚಹಾ ಎಷ್ಟಿತ್ತು ಅಂತ ಫೋಟೋ ಹೇಳುತ್ತದೆ. ಯಾವ ಮಾತಿಗೆ ಲೋಟ ಕೆಳಗಿಟ್ಟರು ಅಂತ ಹೇಳಲ್ಲ. ಸಂಕಲನಕಾರರಿಗೆ ಬೇಕಾದ್ದು ಅದು. ಹಾಗಾಗಿ ಶಾಟ್ ಶಾಟಿಗೂ ಬರೆದಿಡಬೇಕು.

ಬಟ್ಟೆ, ಲೋಟ ನಮ್ಮ ಕೈಯಲ್ಲಿರುತ್ತವೆ. ಬೆಳೆ ಇರಲ್ಲ. ಸತ್ಯಜಿತ್ ರೇ 'ಪಥೇರ್ ಪಾಂಚಾಲಿ'ಯ (1955) ಕಾಶ್ ಹೂವಿನ ದೃಶ್ಯವನ್ನು ಅರ್ಧ ಚಿತ್ರಿಸಿ ವಾರ ಬಿಟ್ಟು ಬಂದರೆ, ಹೂವನ್ನೆಲ್ಲ ದನ ಮೇಯ್ದಿದ್ದವು. ಉಳಿದರ್ಧಕ್ಕೆ ಮುಂದಿನ ವರ್ಷದ ಹೂವಿಗೆ ಕಾಯಬೇಕಾಯಿತು.

ನನಗೆ ಈ ಪಾಠ ಆದದ್ದು ನಮ್ಮ ಸೀಮೆಯ ಎರೆ ಹೊಲದಲ್ಲಿ, ಒಂದು ಸೀರಿಯಲ್‌ಗೆ. ನಾಯಕಿಯ ಹಿಂದೆ ಆರು ಜನ ಹೆಂಗಸರು ಹತ್ತಿ ಬಿಡಿಸುತ್ತಿರಬೇಕು. ನಿಜವಾಗಿ ಬಿಡಿಸಿದರೆ ಮುಂದಿನ ಟೇಕಿಗೆ ಗಿಡ ಬೋಳು. "ಅಕ್ಕಾ, ಬರೇ ಕೈ ಆಡಸ್ರಿ, ಬಿಡಸಬ್ಯಾಡ್ರಿ" ಅಂದೆ. ದಿನವೆಲ್ಲ ಬಿಸಿಲಲ್ಲಿ ಕೈ ಆಡಿಸಿದರು. ಹತ್ತಿ ಬಿಡಿಸುವ ಕೂಲಿ ಕೆಜಿ ಲೆಕ್ಕ. ಸಂಜೆ ತೂಕಕ್ಕೆ ಏನೂ ಇರಲಿಲ್ಲ. "ಅವರ ಕೂಲಿ ಹೊಲದವರು ನೋಡ್ಕೋತಾರೆ ಬಿಡು" ಅಂದರು ನಮ್ಮ ಮ್ಯಾನೇಜರ್.

ದೃಶ್ಯ ಇನ್ನೂ ಅರ್ಧ ಬಾಕಿ. ನಾಳೆಯೂ ಇದೇ ಸೀರೆ ಉಟ್ಟು ಬನ್ನಿ ಎಂದು ನಾನೇ ಹೇಳಬೇಕಿತ್ತು. ನಾಯಕಿಗೆ ಆ ಸೀರೆಯ ಎರಡು ಪ್ರತಿ ತಂದಿದ್ದೆವು. ಇವರದು ಮೈಮೇಲಿದ್ದದ್ದೇ.

"ಬರ್ತೀವಿ ತಮ್ಮಾ, ಎರಡು ದಿನದ ಪಗಾರ ಮೊದಲು ಇಡ್ರಿ" ಅಂದರು ಹಿರಿಯಾಕೆ.

ಬೇರೆಯವರನ್ನು ಕರೆಸಿ ಅಂದರು ಮ್ಯಾನೇಜರ್. ನನ್ನ ಶೀಟಿನಲ್ಲಿ ಅವರ ಹೆಸರಿರಲಿಲ್ಲ, 'ಹಿನ್ನೆಲೆ: 6 ಹೆಂಗಸರು' ಅಂತಷ್ಟೇ ಬರೆದಿದ್ದೆ. ಆದರೆ ಮೂರು ಶಾಟಿನಲ್ಲಿ ಹಿರಿಯಾಕೆಯ ಮುಖ ಸ್ಪಷ್ಟವಾಗಿತ್ತು. ಫೋಟೋ ತೋರಿಸಿ, ಮುಖ ಬದಲಾದರೆ ಇವತ್ತಿನದೆಲ್ಲ ಮತ್ತೆ ಶೂಟ್ ಮಾಡಬೇಕು ಅಂದೆ. ನಿರ್ದೇಶಕರು ಮಾನಿಟರ್ ನೋಡಿ ತಲೆ ಆಡಿಸಿದರು. ರೊಕ್ಕ ಅಲ್ಲೇ, ಹೊಲದ ಬದುವಿನ ಮೇಲೇ ಎಣಿಸಿ ಕೊಡಬೇಕಾಯಿತು. ಮರುದಿನ ಆರೂ ಜನ ಅದೇ ಸೀರೆಯಲ್ಲಿ ಬಂದರು.