ಮಾಂಸದೊಳಗೊಂದು ಮೂಳೆ

ಸೊಂಟದ ಕೀಲು ಬದಲಿಸಿದ ಮೇಲೆ ಸುತ್ತಲಿನ ಸ್ನಾಯುವಿನೊಳಗೇ ಮೂಳೆ ಬೆಳೆಯಬಹುದಂತೆ! ಓದಿದಾಗ ನಾನೂ ನಂಬಲಿಲ್ಲ. ಆದರೆ ಪ್ಯಾರಿಸ್ಸಿನ ವೈದ್ಯೆ ಆಗಸ್ಟಾ ಡೆಜೆರಿನ್-ಕ್ಲುಂಪ್ಕೆ 1918ರಲ್ಲೇ, ಬೆನ್ನುಹುರಿಗೆ ಪೆಟ್ಟುಬಿದ್ದ ಸೈನಿಕರಲ್ಲಿ ಇಂಥ ಮೂಳೆ ಗುರುತಿಸಿದ್ದರು.

1962ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್ಲಿ ಪ್ಲಾಸ್ಟಿಕ್ ಬಟ್ಟಲು, ಲೋಹದ ಗುಂಡಿನ ಕೀಲು ಕೂರಿಸಿದರು. ಆ ಆಪರೇಷನ್ ಹಬ್ಬಿದಂತೆ ಈ ಕಾಟವೂ ಹಬ್ಬಿತು. ನಡೆಯೋಕೆ ಅಂತ ಹಾಕಿಸಿಕೊಂಡ ಕೀಲು ಕೆಲವರಿಗೆ ಬಿಗಿದುಕೊಂಡೇಬಿಟ್ಟಿತು.

ತಡೆಯೋಕೆ ಬಂದದ್ದು ಎರಡು: ಇಂಡೋಮೆಥಾಸಿನ್ ಅನ್ನೋ ಹಳೇ ನೋವಿನ ಮಾತ್ರೆ, ಮತ್ತು ಕ್ಯಾನ್ಸರಿಗೆ ಕೊಡುವ ರೇಡಿಯೇಷನ್. ಅಮೆರಿಕದ ಮೇಯೋ ಕ್ಲಿನಿಕ್ ವೈದ್ಯರು ರೇಡಿಯೇಷನ್ ಫಲ ಪ್ರಕಟಿಸಿದ್ದು 1981ರಲ್ಲಿ. ಆಗ ಹತ್ತು ಕಂತು; ಈಗ ಒಂದೇ ಸಲ, ಅದೂ ಅಪಾಯ ಹೆಚ್ಚಿರುವವರಿಗೆ.

ಗಡುವು ಮಾತ್ರ ಬಿಗಿ. ಆಪರೇಷನ್ನಿನ ಹಿಂದಿನ ದಿನ, ಇಲ್ಲವೇ ಆದ ಮೂರು ದಿನದೊಳಗೆ ಕೊಡಬೇಕು. ಎಕ್ಸ್‌ರೇಯಲ್ಲಿ ಮೂಳೆ ಕಾಣೋಕೆ ವಾರಗಳೇ ಬೇಕು. ಅಷ್ಟರಲ್ಲಿ ತಡೆಯುವ ಹೊತ್ತು ಮುಗಿದಿರುತ್ತೆ.